ಗೊರವ ಹಕ್ಕಿಗಳು ಎದ್ದ ಬೆಳಿಗ್ಗೆ

ಗೊರವ ಹಕ್ಕಿಯ ಫೋಟೋ ತೆಗೆಯಬೇಕಾದರೆ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಬೇಕು. ನಿಂತು ತೆಗೆದರೆ ಬರೀ ಬೆನ್ನು ಸಿಗುತ್ತದೆ. ಕೂತು ತೆಗೆದರೆ ಹಿಂದಿನ ಏರಿ, ಕಲ್ಲು, ಪ್ಲಾಸ್ಟಿಕ್ಕು ಎಲ್ಲ ಬಂದು ಸೇರಿಕೊಳ್ಳುತ್ತವೆ. ಮಲಗಿ, ಲೆನ್ಸನ್ನು ನೀರಿನ ಮಟ್ಟಕ್ಕೆ ಇಟ್ಟರೆ ಹಕ್ಕಿಯ ಕಣ್ಣೂ ನಮ್ಮ ಕಣ್ಣೂ ಒಂದೇ ಸಮಕ್ಕೆ ಬರುತ್ತವೆ. ಆಚೆಯದೆಲ್ಲ ಹಾಲು ಚೆಲ್ಲಿದ ಹಾಗೆ ಮಬ್ಬಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಎರಡು ಚಳಿಗಾಲ ಗೋಣಿಚೀಲ ಹಾಸಿಕೊಂಡು ಮಲಗಿ, ಕೆಮ್ಮು ಹಿಡಿಸಿಕೊಂಡು ಕಲಿತೆ.

ಫೋಟೋ ಕೆಲಸ ಕಲಿತದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಸ್ಟುಡಿಯೋದಲ್ಲಿ. ಅಲ್ಲಿನ ಯಜಮಾನರು ನೆಗೆಟಿವ್ ಮೇಲೆ ಪೆನ್ಸಿಲು ಆಡಿಸಿ ಮುಖದ ಸಿಡುಬಿನ ಗುಳಿ ಮುಚ್ಚುತ್ತಿದ್ದ ಕಾಲದವರು. ಕಸ ಗುಡಿಸಲು ಸೇರಿದ ನಾನು, ಕಂಪ್ಯೂಟರ್ ಬಂದ ಮೇಲೆ ಅವರಿಗೇ ಅದನ್ನು ಹೇಳಿಕೊಡುವಷ್ಟು ಬೆಳೆದೆ. ಅವರು ನನಗೆ ಕಲಿಸಿದ್ದು ಎರಡು ಮಾತು. "ನೋಡೋರ ಕಣ್ಣು ಮುಖ ಬುಟ್ಟು ಆಚೆ ಹೋಗ್ಬಾರ್ದು ಕಣ್ಲಾ. ಮೂಲೇಲಿ ಏನಿದ್ರೂ ಒರೆಸ್ಬುಡು." ಇದು ಒಂದು. ಕೆಲಸ ಮುಗಿದ ಮೇಲೆ ಮಿಕ್ಕಿದ್ದನ್ನು ಕೂಡಿಡಬಾರದು ಎಂಬುದು ಇನ್ನೊಂದು. "ಎಲ್ಲಾ ಮಡಿಕ್ಕೊಂಡ್ರೆ ಅದು ಸ್ಟುಡಿಯೋ ಅಲ್ಲ ಕಣ್ಲಾ, ತಿಪ್ಪೆ."

ಶಿರಾದಲ್ಲಿ ನನ್ನದೇ ಅಂಗಡಿ ಇಟ್ಟು ಬಹಳ ವರ್ಷವಾಯಿತು. ಅಂದಿನಿಂದ ಈ ಎರಡು ಮಾತಿನ ಮೇಲೆಯೇ ನನ್ನ ಕೆಲಸ ನಡೆದಿದೆ. ನಾಗಲಮಡಿಕೆಯ ಮದುವೆಗೂ ನಾನೇ, ಕೊರಟಗೆರೆಯ ನಾಮಕರಣಕ್ಕೂ ನಾನೇ. ಆದರೆ ನನ್ನ ಹೆಸರು ನಾಲ್ಕು ತಾಲ್ಲೂಕಿನಲ್ಲಿ ಓಡಾಡಿದ್ದು ಸತ್ತವರ ಫೋಟೋಗಳಿಂದ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನಕ್ಕೆ ದೊಡ್ಡ ಫೋಟೋ ಆಗಬೇಕು. ಬದುಕಿರುವಾಗ ಒಬ್ಬರೇ ಕೂತು ತೆಗೆಸಿಕೊಂಡವರು ಕಡಿಮೆ. ಯಾರದೋ ಮದುವೆಯ ಗುಂಪಿನಿಂದ ಅವರನ್ನು ಬಿಡಿಸಿ, ಹೆಗಲ ಮೇಲಿದ್ದ ಬೇರೆಯವರ ಕೈ ಅಳಿಸಿ, ಕೋಟು ತೊಡಿಸಿ, ಹಿಂದೆ ನೀಲಿ ಬಣ್ಣ ಕೊಡುತ್ತೇನೆ. ಹೆಣದ ಫೋಟೋ ಬಿಟ್ಟು ಬೇರೆ ಇಲ್ಲದ ಮನೆಯವರಿಗೆ, ಮುಚ್ಚಿದ ಕಣ್ಣನ್ನೂ ತೆರೆಸಿ ಕೊಟ್ಟಿದ್ದೇನೆ. ಯಾರೂ ಅದನ್ನು ಸುಳ್ಳು ಅಂದಿಲ್ಲ. ಕೈ ಮುಗಿದು ಹೋಗಿದ್ದಾರೆ.

ಹಕ್ಕಿ ನನ್ನ ಸ್ವಂತದ ಹುಚ್ಚು. ಗೌಡಗೆರೆ ಹೋಬಳಿಯಲ್ಲಿ ಒಂದು ಕೆರೆಯಿದೆ. ಮಳೆಗಾಲ ಕಳೆದು ನೀರು ಹಿಂದೆ ಸರಿಯುತ್ತಾ ಹೋದ ಹಾಗೆ ಅಂಚಿನ ಕೆಸರಿಗೆ ಗೊರವಗಳು ಇಳಿಯುತ್ತವೆ. ಕಂದು ಬೆನ್ನು, ಬಿಳಿ ಹೊಟ್ಟೆ, ಕಡ್ಡಿ ಕಾಲು. ಎಲ್ಲೋ ಹಿಮದ ದೇಶದಿಂದ ಬಂದು, ಶಿವರಾತ್ರಿ ಕಳೆಯುತ್ತಿದ್ದಂತೆ ಹೊರಟುಬಿಡುತ್ತವೆ. ಕೂತಾಗ ನೋಡಿದರೆ ಮಣ್ಣಿನ ಹೆಂಟೆ ಇದ್ದ ಹಾಗೆ. ಎದ್ದರೆ ಎಲ್ಲ ಒಟ್ಟಿಗೆ ಹೊರಳಿ, ಒಂದು ಸಲ ಬೆಳ್ಳಗೆ, ಒಂದು ಸಲ ಕರ್ರಗೆ. ಆ ಹೊರಳುವಿಕೆ ನನಗೆ ಬೇಕಿತ್ತು. ಕಲ್ಲು ಬೀರಿ ಎಬ್ಬಿಸುವವರಿದ್ದಾರೆ. ನಾನು ಎಬ್ಬಿಸುವವನಲ್ಲ, ಕಾಯುವವನು. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು.

ಆ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹೋಗಿ ಮಲಗಿದೆ. ಹತ್ತು ಗಂಟೆಗೆ ಕೊರಟಗೆರೆಯಲ್ಲಿ ನಾಮಕರಣ ಒಪ್ಪಿಕೊಂಡಿದ್ದೆ. ಬಿಸಿಲು ಏರಿತು. ಹಕ್ಕಿಗಳು ಕೊಕ್ಕು ಚುಚ್ಚುತ್ತಾ ನಡೆದಾಡುತ್ತಿದ್ದವೇ ಹೊರತು ಏಳಲಿಲ್ಲ. ಇನ್ನು ಹೊರಡಬೇಕು ಅಂದುಕೊಳ್ಳುವಷ್ಟರಲ್ಲಿ, ಎಲ್ಲ ಒಂದೇ ಏಟಿಗೆ ಕೂಗುತ್ತಾ ಎದ್ದು ನನ್ನ ಕಡೆಗೇ ಬಂದವು. ಬೆರಳು ಒತ್ತಿ ಹಿಡಿದೆ. ಕ್ಯಾಮೆರಾ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ದೇವರೇ ಎಬ್ಬಿಸಿಕೊಟ್ಟ ಅಂದುಕೊಂಡೆ.

ಹಾಗೇ ಅಂದುಕೊಂಡೆ. ಎದ್ದು ನಿಂತು ಆಚೆ ದಡ ನೋಡಿದೆನೇ ಎಂದರೆ, ಇಲ್ಲ. ಕ್ಯಾಮೆರಾದ ಹಿಂದಿನ ಪರದೆ ನೋಡಿಕೊಂಡೇ ಗಾಡಿಯ ತನಕ ನಡೆದೆ.

ಕೊರಟಗೆರೆಯ ಛತ್ರದ ಹೊರಗೆ ಬೈಕಿನ ಮೇಲೇ ಕೂತು, ಇಪ್ಪತ್ತು ಚಿಲ್ಲರೆ ಫೋಟೋಗಳಲ್ಲಿ ಒಂದನ್ನು ಆರಿಸಿ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಕಾರ್ಡು ಖಾಲಿ ಬೇಕಿತ್ತು. ಮಿಕ್ಕಿದ್ದನ್ನೆಲ್ಲ ಅಳಿಸಿ, ಅದೇ ಕಾರ್ಡಿನಲ್ಲಿ ಮಗುವಿನ ನಾಮಕರಣ ತೆಗೆದೆ.

ಮಾರನೆಯ ದಿನ ಅಂಗಡಿಯಲ್ಲಿ ಆ ಒಂದರ ಮುಂದೆ ಕೂತೆ. ಮೊದಲು ನೀರಿನ ಗೆರೆ ಸಮ ಮಾಡಿದೆ. ಎಡಗಡೆ ಅರ್ಧ ಕತ್ತರಿಸಿ ಹೋಗಿದ್ದ ಒಂದು ಹಕ್ಕಿಯನ್ನು ತೆಗೆದೆ. ಬಿಸಿಲಿಗೆ ಸುಟ್ಟು ಬಿಳುಚಿದ್ದ ರೆಕ್ಕೆಗಳಲ್ಲಿ ಒಂದೊಂದು ಗರಿಯೂ ಬೇರೆ ಬೇರೆ ಕಾಣುವ ತನಕ ಬೆಳಕು ಇಳಿಸಿದೆ. ಮುಂದಿನ ಹಕ್ಕಿಯ ಕಣ್ಣಿಗೆ ಒಂದು ಚುಕ್ಕಿ ಹೊಳಪು ಕೊಟ್ಟೆ. ಬಲಗಡೆ ಕೆಳಗಿನ ಮೂಲೆಯಲ್ಲಿ, ಆಚೆ ದಡದ ಹತ್ತಿರದ ಮಬ್ಬಿನಲ್ಲಿ, ಎರಡು ಚುಕ್ಕೆಗಳಿದ್ದವು. ಒಂದು ದೊಡ್ಡದು, ಸ್ವಲ್ಪ ಕೆಂಪು ತಾಗಿದ್ದು. ಇನ್ನೊಂದು ಚಿಕ್ಕದು. ಕಸ ಅಂದುಕೊಂಡೆ. ಎರಡು ಸಲ ಒತ್ತಿದೆ, ಎರಡೂ ನೀರಾದವು. ಅದೇ ಹೆಸರಿಗೆ ಸೇವ್ ಕೊಟ್ಟೆ. ಹಳೆಯದರ ಮೇಲೇ ಹೊಸದು ಕೂತಿತು.

ಅಷ್ಟು ಒಳ್ಳೆಯ ಫೋಟೋ ನಾನು ಅದಕ್ಕೆ ಮೊದಲು ತೆಗೆದಿರಲಿಲ್ಲ. ಹಕ್ಕಿ ಫೋಟೋಗಳ ಒಂದು ಸ್ಪರ್ಧೆಗೆ ಫೋನಿನಲ್ಲೇ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ಚಿತ್ರ ಚೆನ್ನಾಗಿದೆ, ಮೂಲ ಫೈಲು ಕಳಿಸಿ. ಮೂಲ ಇಲ್ಲ ಎಂದು ಬರೆದೆ. ಹಾಗಾದರೆ ಪರಿಗಣಿಸಲಾಗದು ಎಂದರು. ನನಗೆ ಮೈಯೆಲ್ಲ ಉರಿಯಿತು. ಅನ್ನ ಬೇಯಿಸಿ ಬಡಿಸಿದವನನ್ನು ಅಕ್ಕಿ ತೋರಿಸು ಅಂದ ಹಾಗಾಯಿತು. ಓದಿದವರ ಕಾಯಿದೆ ಓದಿದವರಿಗೇ ಇರಲಿ ಎಂದು, ಅದನ್ನೇ ಮೂರು ಅಡಿ ಅಗಲ ಪ್ರಿಂಟು ಹಾಕಿಸಿ, ಪಕ್ಕದ ಅಂಗಡಿಯ ಫ್ರೇಮು ಕಟ್ಟುವ ಭಾಯಿಗೆ ಕೊಟ್ಟೆ.

"ಕ್ಯಾ ಉಸ್ತಾದ್, ಇಷ್ಟು ಚಿಕ್ಕ ಕೋಳಿಗೆ ಇಷ್ಟು ದೊಡ್ಡ ಚೌಕಟ್ಟಾ? ಮಂತ್ರಿಗೂ ಇಷ್ಟು ದೊಡ್ಡದು ಕಟ್ಟಿಲ್ಲ ನಾನು."

"ಇದು ಗೊರವ ಭಾಯ್, ಕೋಳಿ ಅಲ್ಲ."

"ಬಿರಿಯಾನಿಗೆ ಬರಲ್ಲ ಅಂದ್ರೆ ನಮಗೆ ಎಲ್ಲಾ ಒಂದೇ ಬುಡಪ್ಪ."

ನಗುತ್ತಲೇ ಕಟ್ಟಿಕೊಟ್ಟರು. ಕೌಂಟರಿನ ಹಿಂದೆ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ನೇತು ಹಾಕಿದೆ.

ಎರಡು ದಿನ ಕಳೆದಿರಬೇಕು. ನನ್ನಷ್ಟೇ ವಯಸ್ಸಿನ ಒಬ್ಬರು ಮದುವೆಯ ಗುಂಪು ಫೋಟೋ ಒಂದನ್ನು ಹಿಡಿದು ಬಂದರು. ಹನ್ನೊಂದನೇ ದಿನಕ್ಕೆ ದೊಡ್ಡದು ಬೇಕಿತ್ತು.

"ಇವ್ನೇ ಕಣಣ್ಣ, ಕೊನೇಲಿ ಕೆಂಪು ಟವಲ್ ಹಾಕವ್ನಲ್ಲ. ನನ್ನ ತಮ್ಮ. ಒಂದು ಕೋಟು ಗೀಟು ಹಾಕಿ ಚೆನ್ನಾಗಿ ಮಾಡ್ಕೊಡು."

"ಏನಾಗಿತ್ತಣ್ಣ? ಇನ್ನೂ ವಯಸ್ಸಿಲ್ಲ."

"ಕೆರೆಗೆ ಬಿದ್ಬುಟ್ಟ. ಹೋದ ಸ್ವಾಮಾರ ಬೆಳಿಗ್ಗೆ ಹೋದೋನು, ಮಾರನೇ ದಿನ ತೇಲ್ದ. ಹಿಂದಿನ ದಿನ ಗಂಡ ಎಂಡ್ತಿ ಜಗಳ. ಅವ್ಳ ಬಾಯಿ ತಡೀನಾರ್ದೆ ಹೋಗಿ ಬಿದ್ದವ್ನೆ, ಇನ್ನೇನು."

"ಜಾರಿದ್ರೋ ಏನೋ."

"ಅವ್ಳೂ ಅಂಗೇ ಅಂತಾಳೆ. ಮೇಕೆಮರಿ ಒಂದು ತಪ್ಪಿಸ್ಕೊಂಡಿತ್ತು, ಹುಡುಕ್ಕೊಂಡು ಹೋದ್ರು ಅಂತ. ಜೆಸಿಬಿಯೋರು ಗೋಡು ಮಣ್ಣು ತೆಗ್ದಿರೋ ಗುಂಡಿ ಐತೆ ಅಲ್ಲಿ, ನಿಜ. ಆದ್ರೆ ಮರಿ ಎಲ್ಲೈತೆ? ಸಿಗಲೇ ಇಲ್ಲ. ಕಂಡೋರು ಒಬ್ರಿಲ್ಲ." ಹೀಗೆ ಹೇಳುತ್ತಾ ಅವರು ತಲೆಯೆತ್ತಿ ಗೋಡೆ ನೋಡಿದರು. "ಇದು ನಮ್ ಕೆರೆ ಇದ್ದಂಗೈತಲ್ಲಣ್ಣ! ಆ ಬಗ್ಗಿರೋ ಜಾಲಿ ಮರ ಮಬ್ಬಲ್ಲೂ ಗೊತ್ತಾಯ್ತೈತೆ, ನಮ್ದೇಯ. ಯಾವಾಗ ತೆಗ್ದಿದ್ದು?"

"ಹೋದ ವರ್ಷ" ಅಂದೆ.

ಯಾಕೆ ಹಾಗಂದೆ ಎಂದು ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಕೆಂಪು ಟವಲ್ಲಿನ ಮಾತು ಕಿವಿಗೆ ಬಿದ್ದಿತ್ತು, ಸೋಮವಾರ ಬಿದ್ದಿತ್ತು, ಹಕ್ಕಿಗಳು ಯಾಕೆ ಎದ್ದವು ಎಂಬುದು ಆಗಲೇ ಒಳಗೆ ಹೊಳೆದಿತ್ತು. ತಲೆ ಯೋಚನೆ ಮಾಡುವ ಮೊದಲೇ ಬಾಯಿ ಆ ದಿನವನ್ನೇ ಒರೆಸಿಬಿಟ್ಟಿತು. ಅವರು ತಲೆಯಾಡಿಸಿದರು. ನಾನು ಅವರ ತಮ್ಮನಿಗೆ ಟವಲು ತೆಗೆದು ಕೋಟು ತೊಡಿಸಿದೆ.

ಅವರು ಹೋದ ಮೇಲೆ ಕಾರ್ಡು ತೆಗೆದುಕೊಂಡು, ಅಳಿಸಿದ್ದನ್ನು ಎತ್ತಿಕೊಡುವವನೊಬ್ಬನನ್ನು ಹುಡುಕಿ ತುಮಕೂರಿಗೆ ಹೋದೆ. ಎತ್ತಿದ್ದರಲ್ಲೆಲ್ಲ ಬಾಯಿಗೆ ಜೇನು ಸವರಿಸಿಕೊಳ್ಳುತ್ತಿರುವ ಮಗು. ಒಂದೇ ಒಂದರಲ್ಲಿ ಮೇಲರ್ಧ ರೆಕ್ಕೆಗಳು, ಕೆಳಗರ್ಧ ಬೂದು ಪಟ್ಟಿ. ನನಗೆ ಬೇಕಾದದ್ದು ಆ ಪಟ್ಟಿಯಲ್ಲಿತ್ತು.

ಒಂದೂವರೆ ತಿಂಗಳು ಯಾರಿಗೂ ಹೇಳಲಿಲ್ಲ. ಗೋಡೆಯಿಂದ ಫೋಟೋ ಇಳಿಸಲೂ ಇಲ್ಲ. ಇಳಿಸಿದರೆ ಭಾಯಿ ಕೇಳುತ್ತಿದ್ದರು.

ಆಮೇಲೆ ಆ ಸತ್ತವನ ಹೆಂಡತಿಯೇ ಬಂದಳು, ತನ್ನ ಅಣ್ಣನ ಜೊತೆ. ಯಾರೆಂದು ನನಗೆ ಗೊತ್ತಾದದ್ದು ಅವಳು ಕೌಂಟರಿನ ಮೇಲೆ ಅದೇ ಗುಂಪು ಫೋಟೋ ಇಟ್ಟಾಗ. ಅದು ಅವಳ ಅಣ್ಣನ ಮದುವೆಯದೇ ಅಂತೆ. ಅವರ ಮನೆಯಲ್ಲೂ ಒಂದು ಇತ್ತು.

"ನೀವು ಮಾಡ್ಕೊಟ್ಟಿರೋದು ನೋಡ್ದೆ ಅಣ್ಣ. ಕೋಟು ಹಾಕ್ಬುಟ್ಟಿದೀರ, ಎಲೆಕ್ಷನ್ನಿಗೆ ನಿಂತಂಗವ್ರೆ. ನನ್ಗೆ ನಮ್ಮನೆಯೋರು ಇದ್ದಂಗೇ ಬೇಕು. ಟವಲ್ ಅಂಗೇ ಇರ್ಲಿ."

"ಆ ಮನೇಲೇ ಐತಲ್ಲಮ್ಮ ಒಂದು" ಅಂದೆ, ಏನೂ ತಿಳಿಯದವನ ಹಾಗೆ.

ಅಣ್ಣ ಮುಖ ತಿರುಗಿಸಿದ. ಅವಳೇ ಹೇಳಿದಳು. "ಆ ಮನೆ ವಸ್ಲು ತುಳೀಬ್ಯಾಡ ಅಂದವ್ರೆ. ಊರಲ್ಲಿ ನನ್ನ ಹೆಸ್ರೇ ಹೋಗ್ಬುಡ್ತು. ನೀರಿಗೆ ಹೋದ್ರೆ, ಗಂಡನ್ನ ಕೆರೆಗೆ ಕಳ್ಸಿದೋಳು ಬಂದ್ಲು ಅಂತಾರೆ. ಅವ್ರು ಹೋಗಿದ್ದು ಮರಿ ಹಿಂದೆ ಅಣ್ಣ. ಜಗಳ ಆಗಿದ್ದು ನಿಜ, ಉಪ್ಪು ಜಾಸ್ತಿ ಆಗಿತ್ತು ಅಂತ. ಅದ್ಕೆ ಯಾರಾದ್ರೂ ಸಾಯ್ತಾರಾ?"

ನಾನು ಸ್ಟೂಲು ಎಳೆದು ಅವಳನ್ನು ಕೂರಿಸಿ, ಎಲ್ಲ ಹೇಳಿದೆ. ಮಲಗಿದ್ದು, ಹಕ್ಕಿ ಎದ್ದದ್ದು, ಎರಡು ಚುಕ್ಕೆ, ಎರಡು ಸಲ ಒತ್ತಿದ್ದು.

ಅವಳ ಅಣ್ಣ ಕೌಂಟರಿಗೆ ಗುದ್ದಿದ. "ಲೇ, ಏನಯ್ಯಾ ಯೋಳ್ತಿದೀಯ? ಇಷ್ಟು ದಿನ ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೆ?"

ಅವಳು ಅವನ ಕೈ ಹಿಡಿದು ಸುಮ್ಮನಾಗಿಸಿದಳು. "ಎಲ್ಲಿ, ತೋರ್ಸಿ."

ಗೋಡೆಯ ಫೋಟೋದ ಬಲ ಮೂಲೆಗೆ ಬೆರಳಿಟ್ಟೆ. ಅಲ್ಲಿ ನೀರಿತ್ತು, ನಾನೇ ಮಾಡಿದ ನೀರು. ಅವಳು ಎದ್ದು ಬಂದು ಗಾಜಿನ ಮೇಲೆ ಅಂಗೈ ಇಟ್ಟಳು.

"ಚಿಕ್ಕದು ಬೆಳ್ಳಗಿತ್ತಾ? ನಮ್ ಮರಿ ಬಿಳೀದು. ಒಂದು ಕಿವಿ ಮಾತ್ರ ಕರ್ರಗೆ."

"ಗೊತ್ತಿಲ್ಲ ಕಣಮ್ಮ. ಮಬ್ಬಾಗಿತ್ತು."

"ಅವ್ರು ಕೈ ಮೇಲೆ ಎತ್ತಿದ್ರಾ?"

"ಅದೂ ಗೊತ್ತಿಲ್ಲ."

ಗಾಜಿನಿಂದ ಕೈ ತೆಗೆದು ಅವಳು ಹೇಳಿದಳು, ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಲೀಸಾಗಿ: "ಹಂಗಾರೆ ತಿರುಗಾ ಇಡಿ ಅಣ್ಣ. ಸತ್ತೋರ ಕಣ್ಣೇ ತೆರೆಸ್ತೀರಂತೆ. ಒಂದು ಮರಿ ಇಡಕ್ಕಾಗಲ್ವಾ?"

"ಅದು ಸುಳ್ಳಾಗ್ತೈತೆ ತಾಯಿ."

"ಒರೆಸ್ದಾಗ ಆಗ್ಲಿಲ್ವಾ?"

ಫೋಟೋ ಬಿಟ್ಟು ಹೋಗಿ, ನಾಳೆ ಬನ್ನಿ ಅಂದೆ.

ಅವರು ಹೋದ ಮೇಲೆ ಷಟರು ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತೆ. ಮಾಡಿ ಕೊಡಬೇಕು ಎಂದೇನಲ್ಲ, ಮಾಡಿದರೆ ಹೇಗೆ ಕಾಣುತ್ತದೆ ನೋಡೋಣ ಎಂದು. ಗುಂಪು ಫೋಟೋದಿಂದ ಅವನನ್ನು ಬಿಡಿಸಿ, ಸೊಂಟದ ತನಕ ನೀರಿಗಿಳಿಸಿ, ಆಚೆ ದಡದಷ್ಟೇ ಮಬ್ಬು ಮಾಡಿದೆ. ಬೇರೆ ಯಾವುದೋ ಫೋಟೋದ ಮರಿಯನ್ನು ತಂದು ಅವನ ಕೈಗೆ ಒಂದು ಮೊಳ ದೂರದಲ್ಲಿ ಇಟ್ಟೆ. ನೀರಿನಲ್ಲಿ ಎರಡರದೂ ನೆರಳು ಬಿಡಿಸಿದೆ. ಸಂಜೆಯ ಬಸ್ಸುಗಳು ಹಾರನ್ನು ಹೊಡೆಯುವ ಹೊತ್ತಿಗೆ ಮುಗಿದಿತ್ತು. ಯಾವ ಪೊಲೀಸಿನವರಾಗಲಿ, ಸ್ಪರ್ಧೆಯವರಾಗಲಿ, ಅವನ ಅಣ್ಣನಾಗಲಿ ತಪ್ಪು ಹಿಡಿಯುವ ಹಾಗಿರಲಿಲ್ಲ. ನನ್ನ ಜನ್ಮದ ಅತ್ಯುತ್ತಮ ಕೆಲಸ ಅದು. ಎರಡು ನಿಮಿಷ ನೋಡಿದೆ, ಅಳಿಸಿದೆ.

ಕಂಪ್ಯೂಟರಿನಿಂದ ಹೋಯಿತು. ತಲೆಯಿಂದ ಹೋಗಲಿಲ್ಲ. ಮೊದಲು ಕಣ್ಣು ಮುಚ್ಚಿದರೆ ಎರಡು ಚುಕ್ಕೆ ಬರುತ್ತಿದ್ದವು. ಈಗ ನಾನಿಟ್ಟ ಮರಿ ಬಂದು ಅಲ್ಲಿ ಈಜುತ್ತಿತ್ತು.

ಮಾರನೆಯ ದಿನ ಅವಳು ಬಂದಾಗ ಹೇಳಿದೆ: ಫೋಟೋ ಮಾಡುವುದಿಲ್ಲ, ಆದರೆ ನಿಮ್ಮ ಅತ್ತೆಮನೆಗೆ ಬಂದು ಬಾಯಲ್ಲಿ ಹೇಳುತ್ತೇನೆ. ನಾಲ್ಕು ತಾಲ್ಲೂಕಿನಲ್ಲಿ ನನ್ನ ಹೆಸರಿದೆ, ನನ್ನ ಮಾತನ್ನು ಯಾರು ತೆಗೆದುಹಾಕುತ್ತಾರೆ ಎಂಬ ಧೈರ್ಯ.

ಮೂವರೂ ಹೋದೆವು. ಅವಳು ಬೀದಿಯಲ್ಲೇ, ವಿದ್ಯುತ್ ಕಂಬದ ಪಕ್ಕ ನಿಂತಳು. ಒಳಗೆ ಗೋಡೆಯ ಮೇಲೆ ಅವಳ ಗಂಡ ಕೋಟು ತೊಟ್ಟು ಹಾರ ಹಾಕಿಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಜಗಲಿಯ ಮೇಲೆ ಅವನ ಅಪ್ಪ, ಕೆಳಗೆ ಅಂಗಡಿಗೆ ಬಂದಿದ್ದ ಅವನ ಅಣ್ಣ, ಅಕ್ಕಪಕ್ಕದ ನಾಲ್ಕೈದು ಜನ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಚುಕ್ಕೆ ಎರಡಿದ್ದವು, ಒಂದಲ್ಲ ಎಂದು ಒತ್ತಿ ಹೇಳಿದೆ.

ಅವನ ಅಣ್ಣ ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಆ ಫೋಟೋ ಹೋದ ವರ್ಷದ್ದು ಅಂದೆ ನೀನು. ನಿನ್ನ ಅಂಗಡೀಲಿ, ನನ್ನ ಮುಂದೆ, ನಿನ್ನ ಬಾಯಲ್ಲೇ."

"ಅವತ್ತು ಸುಳ್ಳು ಹೇಳಿದೆ ಅಣ್ಣ. ಭಯ ಆಗಿತ್ತು."

"ಅವತ್ತು ಸುಳ್ಳು, ಇವತ್ತು ನಿಜ. ನಾಳೆ ಏನೋ?" ಸುತ್ತಲಿದ್ದವರ ಕಡೆ ತಿರುಗಿದರು. "ಒರಿಜಿನಲ್ಲು ಕೊಡು ಅಂದ್ರೆ ಇಲ್ಲ ಅಂತಾನೆ. ಇವ್ನ ಕೆಲಸವೇ ಇಲ್ಲದ್ದು ಹಾಕೋದು, ಇರೋದು ತೆಗೆಯೋದು. ನಮ್ಮ ತಮ್ಮನಿಗೆ ಕೋಟು ಹಾಕಿದೋನಲ್ವೇನ್ರೋ ಇವ್ನು?"

ಯಾರೋ ನಕ್ಕರು. ಇನ್ಯಾರೋ ಹಿಂದಿನಿಂದ, "ಅವ್ಳೇ ಕರ್ಕೊಂಡ್ಬಂದವ್ಳೆ ನೋಡು, ಏನು ಕೊಟ್ಟವ್ಳೋ" ಅಂದರು. ಅವಳ ಅಣ್ಣ ಆ ಕಡೆ ನುಗ್ಗಿದ. ನಾನು ಅಡ್ಡ ಬಂದು ತಡೆದೆ. ಜಗಲಿಯ ಮೇಲಿದ್ದ ಮುದುಕ ಮಾತ್ರ ನನ್ನನ್ನೇ ನೋಡುತ್ತಿದ್ದರು. ನಂಬಬೇಕೆಂದು ಅವರಿಗೆ ಆಸೆ ಇತ್ತೋ ಏನೋ. ಬಾಯಿ ತೆರೆದರು, ದೊಡ್ಡ ಮಗನ ಮುಖ ನೋಡಿದರು, ಎದ್ದು ಒಳಗೆ ಹೋದರು.

ಹೋಗುವಾಗ ಅವಳ ಮೇಲೆ ಒಂದು ಅಪವಾದ ಇತ್ತು. ಬರುವಾಗ ಎರಡಾಗಿದ್ದವು. ಎರಡನೆಯದಕ್ಕೆ ಕಾರಣ ನಾನು. ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.

ದೊಡ್ಡ ಫ್ರೇಮನ್ನು ಅವತ್ತೇ ಇಳಿಸಿದೆ. ಬಿಚ್ಚಿ ಗಾಜು ವಾಪಸು ತಗೊಳ್ಳಿ ಅಂದಾಗ ಭಾಯಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಅಷ್ಟು ಹೊತ್ತಿಗೆ ಸುದ್ದಿ ಶಿರಾಕ್ಕೂ ಬಂದಿತ್ತು.

ಅವಳ ಗಂಡನ ಫೋಟೋ ಮಾಡಿದೆ. ಇದ್ದ ಹಾಗೇ. ಟವಲು, ಟವಲಿನ ಮೇಲಿನ ಸಾರಿನ ಕಲೆ, ಹೆಗಲ ಮೇಲೆ ಪಕ್ಕದವರ ನಾಲ್ಕು ಬೆರಳು, ಮೂಲೆಯಲ್ಲಿ ಯಾರದೋ ಸೀರೆಯ ಅಂಚು. ಒಂದು ಗುಂಡಿಯನ್ನೂ ಒತ್ತಲಿಲ್ಲ. ಸ್ಟುಡಿಯೋದಿಂದ ಅಂಥ ಫೋಟೋ ಹೊರಗೆ ಹೋದದ್ದು ಅದೇ ಮೊದಲು. ಯಜಮಾನರು ನೋಡಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು.

ಅವಳು ಒಬ್ಬಳೇ ಬಂದು ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. "ಹೂಂ, ಇವ್ರೇ" ಅಂದಳು. ಪೇಪರಿನಲ್ಲಿ ಸುತ್ತಿ ಕೊಟ್ಟೆ. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಅಣ್ಣ, ಊರು ನಂಬ್ದಿದ್ರೆ ಹೋಗ್ಲಿ. ನನ್ಗೊಬ್ಳಿಗೆ ಯೋಳಿ. ಎರಡಿದ್ವು ಅಂದ್ರಲ್ಲ, ಅದು ನಿಜಾನಾ?"

ನಾನು ಆ ಮೂಲೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ನೀರು ಬಂತು. ಕೆಂಪು ಬಂತು. ಅದರ ಪಕ್ಕದಲ್ಲಿ ಮರಿ ಬಂತು; ಒಂದು ಕಿವಿ ಕಪ್ಪಗೆ. ನಾನು ಇಟ್ಟ ಮರಿಯ ಎರಡು ಕಿವಿಯೂ ಬಿಳಿ. ಆ ಕಪ್ಪು ಕಿವಿ ಅವಳ ಬಾಯಿಂದ ಬಂದು ಸೇರಿಕೊಂಡಿತ್ತು. ಅದನ್ನೆಲ್ಲ ಸರಿಸಿ, ಅದಕ್ಕಿಂತ ಮೊದಲು ಅಲ್ಲಿ ಏನಿತ್ತೆಂದು ನೋಡಲು ನನ್ನಿಂದ ಆಗಲಿಲ್ಲ.

"ನಿಜ ಕಣಮ್ಮ" ಅಂದೆ.

ಅವಳು ತಲೆಯಾಡಿಸಿ, ಫೋಟೋವನ್ನು ಎದೆಗೆ ಅವುಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಈ ಚಳಿಗಾಲವೂ ಆ ಕೆರೆಗೆ ಹೋಗಿದ್ದೆ. ಗೊರವಗಳು ಬಂದಿದ್ದವು. ಗೋಣಿಚೀಲ ಹಾಸಿ ಮಲಗಿದೆ. ಎರಡು ಸಲ ಎದ್ದವು. ಎರಡು ಸಲವೂ ಬೆರಳು ಒತ್ತುವ ಮೊದಲು ಮೊಣಕೈ ಊರಿ ತಲೆಯೆತ್ತಿ ಆಚೆ ದಡ ನೋಡಿದೆ. ಒಂದು ಸಲ ನಾಯಿ. ಇನ್ನೊಂದು ಸಲ ಏನೂ ಇಲ್ಲ. ತಿರುಗಿ ಕ್ಯಾಮೆರಾಗೆ ಕಣ್ಣಿಡುವಷ್ಟರಲ್ಲಿ ಹಕ್ಕಿಗಳು ಹೋಗಿದ್ದವು.